ಸರಾಗವಾಗಿ ಬಂದರೆ ಲೈಗೇಸ್‌ಗೆ ಏನು ಕೆಲಸ?

ನಮಸ್ಕಾರ. ಜೀವಕೋಶ ತನ್ನ ಡಿಎನ್‌ಎಯನ್ನು ಹೇಗೆ ನಕಲು ಮಾಡಿಕೊಳ್ಳುತ್ತದೆ ಎಂದು ನೀವು ಬರೆದು ಕಳಿಸಿದ್ದನ್ನು ಓದಿದೆ. ಭಾಷೆ ಚೆನ್ನಾಗಿದೆ, ಎಲ್ಲೂ ತೊಡರುವುದಿಲ್ಲ. ಆದರೆ ಮೂರನೇ ಪ್ಯಾರಾ ಓದಿದ ಮೇಲೆ ಸುಮ್ನೆ ಇರಲು ಆಗಲಿಲ್ಲ. ಅದರ ಬಗ್ಗೆ ಮಾತ್ರ ಬರೆಯುತ್ತೇನೆ.

‘ಹೆಲಿಕೇಸ್ ಎಂಬ ಕಿಣ್ವ ಡಿಎನ್‌ಎಯನ್ನು ಜಿಪ್ಪಿನಂತೆ ಬಿಚ್ಚುತ್ತದೆ.’ ಈ ಜಿಪ್ಪನ್ನು ಎಲ್ಲರೂ ಬರೆಯುತ್ತಾರೆ, ನನಗೆ ಸಾಕಾಗಿದೆ. ಜಿಪ್ಪಿನ ಎರಡು ಪಟ್ಟಿ ಅಕ್ಕಪಕ್ಕ ನೆಟ್ಟಗಿರುತ್ತವೆ. ಡಿಎನ್‌ಎಯ ಎಳೆಗಳು ಹಾಗಲ್ಲ, ಸುಮಾರು ಹತ್ತು ಜೋಡಿ ಅಕ್ಷರಕ್ಕೊಮ್ಮೆ (ಎಳೆಯನ್ನು ಕಟ್ಟಿರುವ ಒಂದೊಂದು ಘಟಕವೂ ಒಂದು ಅಕ್ಷರ) ಒಂದನ್ನೊಂದು ಪೂರ್ತಿ ಸುತ್ತಿಕೊಂಡಿರುತ್ತವೆ. ಇಲ್ಲಿ ಬಿಚ್ಚಿದಷ್ಟೂ ಮುಂದೆ ಬಿಗಿಯುತ್ತದೆ. ಟೊಪೊಐಸೊಮರೇಸ್ ಎಂಬ ಕಿಣ್ವ ಅಲ್ಲಿ ಎಳೆ ಕತ್ತರಿಸಿ, ಸುತ್ತು ಸಡಿಲಿಸಿ, ಮತ್ತೆ ಕೂಡಿಸುತ್ತದೆ. ನಿಮ್ಮಲ್ಲಿ ಅದರ ಹೆಸರೇ ಇಲ್ಲ. ಜಿಪ್ ಇದ್ದರೆ ಅದು ಬೇಕಾಗುವುದೂ ಇಲ್ಲ, ಅಲ್ವಾ?

ನಿಜಕ್ಕೂ ಸಿಟ್ಟು ಬಂದದ್ದು ಮುಂದಿನ ಸಾಲಿಗೆ: ‘ನಂತರ ಡಿಎನ್‌ಎ ಪಾಲಿಮರೇಸ್ ಎರಡೂ ಎಳೆಗಳನ್ನು ಸರಾಗವಾಗಿ ನಕಲು ಮಾಡುತ್ತದೆ.’ ಸರಾಗವಾಗಿ! ಪಾಲಿಮರೇಸ್ ಅಕ್ಷರ ಸೇರಿಸುವುದು ಹೊಸ ಎಳೆಯ ‘3 ಪ್ರೈಮ್’ ಎಂಬ ಒಂದು ತುದಿಗೆ ಮಾತ್ರ. ಹಳೆಯ ಎಳೆಗಳೋ, ಒಂದಕ್ಕೊಂದು ಎದುರು ದಿಕ್ಕಿನವು. ಹಾಗಾಗಿ ಒಂದರ ನಕಲು ಹೆಲಿಕೇಸ್ ಹಿಂದೆಯೇ ನಿಲ್ಲದೆ ಸಾಗುತ್ತದೆ. ಇನ್ನೊಂದರದ್ದು ಹೆಲಿಕೇಸ್‌ಗೆ ಬೆನ್ನು ಹಾಕಿ ಬೆಳೆಯಬೇಕು. ಸ್ವಲ್ಪ ತೆರೆದಾಗ ಒಂದು ತುಂಡು, ಇನ್ನಷ್ಟು ತೆರೆದಾಗ ಮತ್ತೊಂದು. ಪಾಲಿಮರೇಸ್‌ಗೆ ತಾನಾಗಿ ಶುರು ಮಾಡಲು ಬರದು. ಪ್ರತಿ ತುಂಡಿಗೂ ಪ್ರೈಮೇಸ್ ಎಂಬ ಇನ್ನೊಂದು ಕಿಣ್ವ ಮೊದಲು ಆರ್‌ಎನ್‌ಎಯ ಸಣ್ಣ ಚೂರೊಂದನ್ನು ಕಟ್ಟಿಕೊಡಬೇಕು. ಆಮೇಲೆ ಆ ಚೂರು ಹೋಗಿ, ಆ ಜಾಗಕ್ಕೆ ಡಿಎನ್‌ಎ ಬಂದು, ಕೊನೆಗೆ ಲೈಗೇಸ್ ಎಂಬ ಕಿಣ್ವ ತುಂಡುಗಳನ್ನು ಬೆಸೆಯಬೇಕು.

1960ರ ದಶಕದಲ್ಲಿ ಜಪಾನಿನ ರೇಜಿ ಮತ್ತು ಸುನೆಕೊ ಒಕಜಾಕಿ ದಂಪತಿ ಹೊಸ ಡಿಎನ್‌ಎಗೆ ಕೆಲವೇ ಸೆಕೆಂಡು ವಿಕಿರಣದ ಗುರುತು ಹಚ್ಚಿ ನೋಡಿದರು. ಸಿಕ್ಕಿದ್ದು ಚಿಕ್ಕ ಚಿಕ್ಕ ತುಂಡುಗಳು. ಬ್ಯಾಕ್ಟೀರಿಯಾದಲ್ಲಿ ಅವು 1000ದಿಂದ 2000 ಅಕ್ಷರ, ನಮ್ಮ ಕೋಶಗಳಲ್ಲಿ 100ರಿಂದ 200. ಇಷ್ಟು ಒಳ್ಳೆಯ ಕಥೆಯನ್ನು ಒಂದು ‘ಸರಾಗ’ದಲ್ಲಿ ಮುಗಿಸಿಬಿಟ್ಟಿರಲ್ಲ! ಮೇಲಾಗಿ, ಕೊನೆಯಲ್ಲಿ ‘ಲೈಗೇಸ್ ಬೆಸೆಯುತ್ತದೆ’ ಎಂದಿದ್ದೀರಿ. ಏನನ್ನು? ಒಂದೂ ತುಂಡಿಲ್ಲದ ಕಡೆ ಬೆಸೆಯಲು ಏನಿದೆ?

ನಾನು ಕೆಲಸ ಕಲಿಯುತ್ತಿದ್ದಾಗ ಹಿರಿಯ ಸಂಪಾದಕರೊಬ್ಬರು ಲೇಖನಕ್ಕೆ ಮೊದಲು ಚಿತ್ರ ಕೇಳುತ್ತಿದ್ದರು. ಅಚ್ಚಿಗಲ್ಲ, ಅವರಿಗೆ ನೋಡಲು. ಪೆನ್ಸಿಲ್ ಮುಂದೆ ತಳ್ಳಿ, ‘ಬಾಣ ಎಲ್ಲಪ್ಪಾ?’ ಅನ್ನುವುದು. ವಾಕ್ಯದಲ್ಲಿ ಹೇಗೋ ದಾಟಿಕೊಳ್ಳಬಹುದು. ಬಾಣ ಹಾಕುವಾಗ ಈ ಕಡೆಗೋ ಆ ಕಡೆಗೋ ತೀರ್ಮಾನ ಮಾಡಲೇಬೇಕು. ಆಗೆಲ್ಲ ಒಳಗೊಳಗೇ ಗೊಣಗಿಕೊಳ್ಳುತ್ತಿದ್ದೆ. ಈಗ ನಿಮಗೂ ಅದನ್ನೇ ಕೇಳುತ್ತಿದ್ದೇನೆ.

ಎರಡು ಹಳೆ ಎಳೆ, ಎರಡು ಹೊಸ ಎಳೆ ಬರೆದು, ಎಲ್ಲಕ್ಕೂ ಬಾಣ ಹಾಕಿ ಕಳಿಸಿ. ಆಮೇಲೆ ಆ ಪ್ಯಾರಾ ಹೊಸದಾಗಿ ಬರೆಯಿರಿ. ಉದ್ದ ಜಾಸ್ತಿ ಆದರೂ ಪರವಾಗಿಲ್ಲ, ಜಾಗ ಕೊಡುತ್ತೇನೆ. ಸಾಲದಿದ್ದರೆ ‘ಜೀವವೆಂಬ ವಿಸ್ಮಯ’ ಅಂತ ಶುರುವಾಗುವ ಪೀಠಿಕೆ ಇದೆಯಲ್ಲ, ಅದನ್ನು ಕಿತ್ತುಹಾಕಿ.