ಸೀನಿಯರ್ ಹತ್ತಿರ ಡೌಟ್ ಕೇಳೋದು ಹೇಗೆ

ಸಾಫ್ಟ್‌ವೇರ್ ಕೆಲಸಕ್ಕೆ ಸೇರಿ ಆರು ತಿಂಗಳಾಯ್ತು, ಪದೇ ಪದೇ ಡೌಟ್ ಕೇಳಿದ್ರೆ ಸೀನಿಯರ್ ಬೇಜಾರು ಮಾಡ್ಕೊಳ್ತಾರಾ ಅಂದಿದ್ದೀರಿ. ಸಂಕೋಚ ಬೇಡ, ಕೇಳಿ. ಆದರೆ ಬರಿಗೈಲಿ ಹೋಗಬೇಡಿ. 'ಬಿಲ್ಡ್ ಆಗ್ತಿಲ್ಲ ಸರ್' (ಕೋಡ್‌ನಿಂದ ಪ್ರೋಗ್ರಾಂ ತಯಾರಾಗ್ತಿಲ್ಲ) ಅಂತಷ್ಟೇ ಅಂದ್ರೆ ಅವರಿಗೂ ತಲೆಬುಡ ಗೊತ್ತಾಗಲ್ಲ. ಎರರ್ ಮೆಸೇಜ್ ಪೂರ್ತಿ, ಏನೇನು ಮಾಡಿ ನೋಡಿದ್ರಿ, ಎಲ್ಲಿ ಸಿಕ್ಕಿಹಾಕ್ಕೊಂಡ್ರಿ, ಇಷ್ಟು ಬರೆದಿಟ್ಟುಕೊಳ್ಳಿ. ಎಷ್ಟೋ ಸಲ ಬರೆಯೋವಾಗಲೇ ಉತ್ತರ ಹೊಳೆಯುತ್ತೆ. ಹೋದ ತಿಂಗಳು ಸರಿಯಿದ್ದ ಫೀಚರ್ ಈಗ ಕೆಟ್ಟಿದ್ರೆ ಗಿಟ್ ಬೈಸೆಕ್ಟ್ ಹಾಕಿ. ಗಿಟ್ ಅಂದ್ರೆ ಕೋಡ್‌ನಲ್ಲಿ ಮಾಡಿದ ಬದಲಾವಣೆಗಳನ್ನ ದಾಖಲಿಸಿಡೋ ಸಾಧನ, ಹಾಗೆ ದಾಖಲಾದ ಒಂದೊಂದು ಬದಲಾವಣೆಯೂ ಒಂದು ಕಮಿಟ್. ಬೈಸೆಕ್ಟ್ ಅನ್ನೋ ಕಮಾಂಡ್ ಪ್ರತಿ ಟೆಸ್ಟಿಗೂ ಹುಡುಕಬೇಕಾದ ಕಮಿಟ್‌ಗಳನ್ನ ಅರ್ಧಕ್ಕಿಳಿಸುತ್ತೆ: ನಡುವೆ 1000 ಕಮಿಟ್ ಇದ್ರೂ ಸುಮಾರು 10 ಸಲ ಟೆಸ್ಟ್ ಮಾಡೋಷ್ಟರಲ್ಲಿ ಕೆಡಿಸಿದ ಕಮಿಟ್ ಸಿಗುತ್ತೆ. ನನಗಿದನ್ನ ಕಲಿಸಿದ್ದು ನನ್ನ ಮೊದಲ ಟೀಮ್ ಲೀಡ್. ಪಕ್ಕದಲ್ಲಿ ಕುರ್ಚಿ ಎಳ್ಕೊಂಡು ಕೂತರು, ಕೀಬೋರ್ಡ್ ಮುಟ್ಟಲೇ ಇಲ್ಲ, ನನ್ನ ಕೈಲೇ ಟೈಪ್ ಮಾಡಿಸಿದ್ರು. ಮತ್ತೆ, ಸಮಸ್ಯೆ ಬಗೆಹರಿದ ಮೇಲೆ ಏನಾಗಿತ್ತು ಅಂತ ನಿಮ್ಮ ಸೀನಿಯರ್‌ಗೆ ಒಂದು ಸಾಲು ಮೆಸೇಜ್ ಹಾಕೋದು ಮರೀಬೇಡಿ.