ಶಾಕ್ ಕೊಟ್ಟರೂ ಮಾದರಿ ಹೃದಯ ಕೇಳುತ್ತಿಲ್ಲವೇ?

ಪ್ರಶ್ನೆ: ಹೃತ್ಕುಕ್ಷಿಯ (ಹೃದಯದ ಕೆಳಕೋಣೆಯ) ಮಾನೊಡೊಮೈನ್ ಕಂಪ್ಯೂಟರ್ ಮಾದರಿಯಲ್ಲಿ ಫಿಬ್ರಿಲೇಷನ್, ಅಂದರೆ ಅಂಕೆತಪ್ಪಿದ ವಿದ್ಯುತ್ ಅಲೆಗಳನ್ನು, ಎಬ್ಬಿಸಿದ್ದೇನೆ. ಎಲೆಕ್ಟ್ರೋಡ್ ಪಕ್ಕದ ಕೋಶಗಳಿಗೆ ಎಷ್ಟೇ ಕರೆಂಟ್ ಹರಿಸಿದರೂ ದೂರದ ಅಲೆಗಳು ಜಗ್ಗುತ್ತಿಲ್ಲ. ತಪ್ಪೆಲ್ಲಿ?

ಉತ್ತರ: ಕರೆಂಟಿನಲ್ಲಲ್ಲ, ಮಾದರಿಯಲ್ಲೇ. ಶಾಕ್ ಮೊದಲು ಹರಿಯುವುದು ಕೋಶಗಳ ಹೊರಗಿನ ದ್ರವದಲ್ಲಿ. ಮಾನೊಡೊಮೈನಿನಲ್ಲಿ ಅದಕ್ಕೆ ಪ್ರತ್ಯೇಕ ಜಾಗವೇ ಇಲ್ಲ. ಒಳಗು, ಹೊರಗು ಎರಡರ ವಿಭವವನ್ನೂ ಲೆಕ್ಕ ಹಾಕುವ ಬೈಡೊಮೈನ್ ಬೇಕು. ವಾಹಕತೆಗೆ ಹೆಚ್ಚು ಬಳಕೆಯಲ್ಲಿರುವ ಅಂಕಿಗಳಿವು: ಕೋಶದೊಳಗೆ ಸ್ನಾಯುತಂತುವಿನ ಉದ್ದಕ್ಕೆ ಮೀಟರಿಗೆ 0.17 ಸೀಮೆನ್ಸ್, ಅಡ್ಡಕ್ಕೆ 0.019, ಹೊರಗೆ 0.62 ಮತ್ತು 0.24. ಒಳಗಿನ ಅನುಪಾತ ಸುಮಾರು 9, ಹೊರಗಿನದು 2.6. ಇಡೀ ಆಟ ಇರುವುದೇ ಈ ಅಸಮಾನತೆಯಲ್ಲಿ. ಕ್ಯಾಥೋಡ್ (ಋಣ ಎಲೆಕ್ಟ್ರೋಡ್) ಕೆಳಗೆ ಡಿಪೋಲರೈಸ್ ಆಗುವ, ಅಂದರೆ ಪೊರೆಯ ವೋಲ್ಟೇಜ್ ಧನದತ್ತ ಏರುವ, ಭಾಗ ನಾಯಿಗೆ ಹಾಕುವ ಮೂಳೆಯಂತೆ ತಂತುಗಳಿಗೆ ಅಡ್ಡಲಾಗಿ ಚಾಚುತ್ತದೆ, ಅದರ ಎರಡೂ ಮಗ್ಗುಲಲ್ಲಿ ತದ್ವಿರುದ್ಧ ಧ್ರುವೀಕರಣ ಮೂಡುತ್ತದೆ. 1989ರಲ್ಲಿ ಸಂಶೋಧಕರಾದ ಸೆಪುಲ್ವೇಡ, ರಾತ್ ಮತ್ತು ವಿಕ್ಸ್ವೊ ಇದನ್ನು ಲೆಕ್ಕದಲ್ಲೇ ತೋರಿಸಿದರು. ಎಲೆಕ್ಟ್ರೋಡ್ ಇಲ್ಲದ ಕಡೆಯೂ ಇದ್ದಂತೆ ವರ್ತಿಸುವ ಇವೇ ವರ್ಚುವಲ್ ಎಲೆಕ್ಟ್ರೋಡ್‌ಗಳು. ಎರಡೂ ಅನುಪಾತಗಳನ್ನು ಸಮ ಮಾಡಿ ನೋಡಿ, ಮೂಳೆ ಮಾಯ. ಗೋಡೆಯ ಹೊರಮೈಯಿಂದ ಒಳಮೈಗೆ ತಂತುಗಳು ಸುಮಾರು 120 ಡಿಗ್ರಿ ತಿರುಗುವುದನ್ನೂ ಬಿಡಬೇಡಿ. ದೂರದ ಸ್ನಾಯುವಿಗೆ ಶಾಕ್ ತಟ್ಟುವುದರಲ್ಲಿ ಅದರ ಪಾಲು ದೊಡ್ಡದು.

ಲೆಕ್ಕಕ್ಕೆ ಮಾದರಿಯನ್ನು ತುಂಡುಮಾಡುವ ಜಾಲರಿ 0.25 ಮಿಲಿಮೀಟರಿಗಿಂತ ಒರಟಾಗದಿರಲಿ. ಸಮಯದ ಹೆಜ್ಜೆ 20 ಮೈಕ್ರೊಸೆಕೆಂಡ್ ಸಾಕು, ಆದರೆ ಶಾಕ್ ಶುರುವಾಗುವ ಮತ್ತು ಧ್ರುವ ತಿರುಗುವ ಕ್ಷಣಗಳಲ್ಲಿ ಅದನ್ನು ಇನ್ನೂ ಕಿರಿದಾಗಿಸಿ. ಶಾಕನ್ನು ಕರೆಂಟಿನ ರೂಪದಲ್ಲಿ ಕೊಡುವುದಾದರೆ ಒಂದು ಎಲೆಕ್ಟ್ರೋಡಿನಿಂದ ಹೋದಷ್ಟೂ ಇನ್ನೊಂದರಲ್ಲಿ ವಾಪಸಾಗಬೇಕು, ಹೊರವಿಭವವನ್ನು ಒಂದು ಬಿಂದುವಿನಲ್ಲಿ ಸೊನ್ನೆಗೆ ಕಟ್ಟಬೇಕು. ಇಲ್ಲವಾದರೆ ಸಮೀಕರಣಕ್ಕೆ ಒಂದೇ ಉತ್ತರ ಅನ್ನುವುದೇ ಇರುವುದಿಲ್ಲ.

ಪ್ರಶ್ನೆ: ಶಾಕ್ ಬಿದ್ದೊಡನೆ ಎಲೆಕ್ಟ್ರೋಡ್ ಬಳಿ ಲೆಕ್ಕ ಸಿಡಿದುಹೋಗುತ್ತದೆ.

ಉತ್ತರ: ಕೋಶ ಮಾದರಿಗಳನ್ನು ಹೊಂದಿಸಿರುವುದು ಸುಮಾರು -100ರಿಂದ +50 ಮಿಲಿವೋಲ್ಟ್ ವ್ಯಾಪ್ತಿಗೆ. ಶಾಕ್ ಪೊರೆಯನ್ನು ನೂರಾರು ಮಿಲಿವೋಲ್ಟಿಗೆ ಎಳೆದಾಗ ಸಮೀಕರಣಗಳ ಘಾತಾಂಕ ಪದಗಳು ಹುಚ್ಚೆದ್ದು ಬೆಳೆಯುತ್ತವೆ. ನಿಜವಾದ ಪೊರೆಯಲ್ಲಿ ಅಷ್ಟರೊಳಗೆ ರಂಧ್ರಗಳು ತೆರೆದು ವೋಲ್ಟೇಜ್ ತಗ್ಗುತ್ತದೆ. ಆ ಎಲೆಕ್ಟ್ರೊಪೊರೇಷನ್ ಕರೆಂಟನ್ನು ಸೇರಿಸಿ. ವೋಲ್ಟೇಜಿಗೆ ಸುಮ್ಮನೆ ಮಿತಿ ಹಾಕುವುದು ರೋಗ ಮುಚ್ಚಿಡುವ ಮದ್ದು.

ಪ್ರಶ್ನೆ: ಅಷ್ಟೇ ಶಾಕ್ ಒಮ್ಮೆ ಗೆಲ್ಲುತ್ತದೆ, ಒಮ್ಮೆ ಸೋಲುತ್ತದೆ. ಪ್ರೋಗ್ರಾಮಿನ ದೋಷವೇ?

ಉತ್ತರ: ಅಲ್ಲ. ಅಲೆಗಳು ಆ ಕ್ಷಣ ಎಲ್ಲಿದ್ದವು ಎಂಬುದರ ಮೇಲೆ ಫಲ ನಿಂತಿದೆ. ಒಂದೇ ತೀವ್ರತೆಯನ್ನು ಬೇರೆ ಬೇರೆ ಕ್ಷಣಗಳಲ್ಲಿ ಕೊಟ್ಟು ಗೆಲುವಿನ ಪ್ರಮಾಣವನ್ನು ಗ್ರಾಫ್ ಮಾಡಿ, ಶೇ. 50 ಗೆಲ್ಲುವ ತೀವ್ರತೆಯನ್ನು ಹೋಲಿಕೆಗೆ ಬಳಸಿ. ಶಾಕ್ ನಂತರ ಕನಿಷ್ಠ ಒಂದು ಸೆಕೆಂಡ್ ಓಡಿಸಿ. ಮೇಲ್ಮೈ ಕೆಲವು ಹತ್ತು ಮಿಲಿಸೆಕೆಂಡ್ ಶಾಂತವಾಗಿ ಕಂಡರೂ ಗೋಡೆಯ ಆಳದಲ್ಲಿ ಅಡಗಿದ್ದ ಅಲೆ ಮತ್ತೆ ಹೊರಬರಬಹುದು.