ಆಟದಂಗಳ: ಶಾಲಾ ರಗ್ಬಿ ಟೂರ್ನಿ ಬಗ್ಗೆ ಓದುಗರ ಪ್ರಶ್ನೆಗಳು

ಕುಂದಗೋಳ ತಾಲ್ಲೂಕಿನ ದೈಹಿಕ ಶಿಕ್ಷಕರು: ಸುತ್ತಲಿನ ಎಂಟು ಸಾಲಿಗಳನ್ನು ಕೂಡಿಸಿ ಜನವರಿಯಲ್ಲಿ ಒಂದು ದಿನದ ರಗ್ಬಿ ಟೂರ್ನಿ ಮಾಡಬೇಕಂತ ಇದ್ದೇವೆ. ನಾಕೌಟ್ ಇಟ್ಟರ ಲಗೂ ಮುಗಿತದ ಅಂತಾರ. ಸರಿಯೇನು?

ಲಗೂ ಮುಗಿಯುತ್ತದೆ ಮಾಸ್ತರೇ, ಆಟವೂ ಅಲ್ಲಿಗೇ ಮುಗಿಯುತ್ತದೆ. ಎಂಟು ತಂಡಗಳ ನಾಕೌಟಿನಲ್ಲಿ ನಾಲ್ಕು ಶಾಲೆಯ ಹುಡುಗರು 14 ನಿಮಿಷ ಆಡಿ ಬಸ್ ಹತ್ತುತ್ತಾರೆ. ಮೊದಲ ಸಲ ಚೆಂಡು ಹಿಡಿದ ಆ ಹುಡುಗರೇ ಮುಂದಿನ ವರ್ಷ ಬರಬೇಕಾದವರು, ಅವರನ್ನೇ ಮೊದಲು ಕಳಿಸಿಬಿಟ್ಟಂತಾಯಿತು.

ಏಳು ಜನರ ರಗ್ಬಿ ಹುಟ್ಟಿದ್ದೇ ಇಂಥ ಒಂದು ದಿನದ ಕೂಟಕ್ಕಾಗಿ. 1883ರಲ್ಲಿ ಸ್ಕಾಟ್ಲೆಂಡಿನ ಮೆಲ್ರೋಸ್ ಎಂಬ ಊರಲ್ಲಿ ಕ್ಲಬ್ಬಿಗೆ ಹಣ ಕೂಡಿಸಬೇಕಿತ್ತು. ಹದಿನೈದು ಜನರ ಪಂದ್ಯ ಒಂದೇ ದಿನ ಹಲವು ಆಡಿಸಲಾಗದು ಎಂದು ನೆಡ್ ಹೇಗ್ ಎಂಬ ಮಾಂಸದಂಗಡಿಯವನು ತಂಡವನ್ನು ಏಳಕ್ಕೆ ಇಳಿಸಿದ. ನಿಮ್ಮ ತೊಂದರೆಗೂ ಅದೇ ಮದ್ದು.

ನಾಲ್ಕು ನಾಲ್ಕು ತಂಡಗಳ ಎರಡು ಗುಂಪು ಮಾಡಿ. ಗುಂಪಿಗೆ 6 ಪಂದ್ಯ, ಒಟ್ಟು 12, ಪ್ರತಿ ತಂಡಕ್ಕೆ ಮೂರು ಆಟ ಖಾತ್ರಿ. ಅರ್ಧಕ್ಕೆ 7 ನಿಮಿಷ, ನಡುವೆ 2, ತಂಡ ಬದಲಿಸಲು 4. ಅಂದರೆ ಪಂದ್ಯಕ್ಕೆ 20 ನಿಮಿಷ. ಎರಡು ಅಂಕಣಗಳಿದ್ದರೆ ಬೆಳಿಗ್ಗೆ 8ಕ್ಕೆ ಶುರುವಾದ ಲೀಗ್ 10ಕ್ಕೆ ಮುಗಿಯುತ್ತದೆ. ಅರ್ಧ ತಾಸು ವಿರಾಮ. ಆಮೇಲೆ ಮೇಲಿನ ನಾಲ್ಕು ತಂಡ ಒಂದು ಕಪ್ಪಿಗೆ, ಕೆಳಗಿನ ನಾಲ್ಕು ಇನ್ನೊಂದು ಕಪ್ಪಿಗೆ. ನಾಲ್ಕು ಸೆಮಿಫೈನಲ್ 11.10ಕ್ಕೆ ಮುಗಿದರೆ, ಮತ್ತೆ ಅರ್ಧ ತಾಸು ಬಿಟ್ಟು ಎರಡು ಫೈನಲ್ ಒಂದಾದ ಮೇಲೊಂದು ಆಡಿಸಿ. 12.30ಕ್ಕೆ ಬಹುಮಾನ ಕೊಡಬಹುದು. ಉದ್ಘಾಟನೆಯ ಭಾಷಣಗಳಿಗೆ ಈ ಲೆಕ್ಕದಲ್ಲಿ ಜಾಗವಿಲ್ಲ, ಬೇಕೆಂದೇ ಬಿಟ್ಟಿದ್ದೇವೆ. ಅತಿಥಿಗಳನ್ನು ಫೈನಲ್ ಹೊತ್ತಿಗೆ ಕರೆಯಿರಿ.

ಅಂಕ ಗೆಲುವಿಗೆ 3, ಸಮಕ್ಕೆ 2, ಸೋಲಿಗೂ 1, ಬಾರದ ತಂಡಕ್ಕೆ ಸೊನ್ನೆ. ಸೋಲುವ ತಂಡವೂ ಕೊನೆಯ ಪಂದ್ಯಕ್ಕೆ ನಿಲ್ಲುವುದು ಆ ಒಂದು ಅಂಕದಿಂದ.

ತಂಡಕ್ಕೆ 12 ಹುಡುಗರು. ಪ್ರತಿಯೊಬ್ಬನೂ ಪ್ರತಿ ಪಂದ್ಯದಲ್ಲಿ ಕನಿಷ್ಠ ಅರ್ಧ ಆಡಲೇಬೇಕು ಎಂದು ನಿಯಮ ಬರೆಯಿರಿ. ಎರಡು ಅರ್ಧ ಸೇರಿ 14 ಜಾಗ. ಹತ್ತು ಮಂದಿ ಒಂದೊಂದು ಅರ್ಧ ಆಡಿದರೆ ಇಬ್ಬರೇ ಪೂರ್ತಿ ಆಡುತ್ತಾರೆ. ಈ ನಿಯಮವಿಲ್ಲದಿದ್ದರೆ ಏಳು ಜನ ದಣಿಯುತ್ತಾರೆ, ಐವರು ನೀರಿನ ಬಾಟಲಿ ಕಾಯುತ್ತಾರೆ.

ವಯಸ್ಸಿಗೆ ಶಾಲೆಯ ಸ್ಯಾಟ್ಸ್ (ಶಿಕ್ಷಣ ಇಲಾಖೆಯ ವಿದ್ಯಾರ್ಥಿ ನೋಂದಣಿ) ದಾಖಲೆಯನ್ನೇ ಹಿಡಿಯಿರಿ. ಟೂರ್ನಿಯ ದಿನ ಬೆಳಿಗ್ಗೆ ಅಲ್ಲ, ವಾರ ಮೊದಲೇ ಮುಖ್ಯೋಪಾಧ್ಯಾಯರ ಸಹಿ ಇರುವ ಪಟ್ಟಿ ತರಿಸಿಕೊಳ್ಳಿ. ಇದೇ ಹೊತ್ತಿಗೆ ತೂಕವನ್ನೂ ಬರೆಸಿ. ಎಂಟನೆಯ ತರಗತಿಯಲ್ಲಿ 30 ಕೆ.ಜಿ. ಹುಡುಗನೂ ಇರುತ್ತಾನೆ, 55 ಕೆ.ಜಿ. ಹುಡುಗನೂ ಇರುತ್ತಾನೆ, ಇಬ್ಬರಿಗೂ ವಯಸ್ಸು ಒಂದೇ.

ಗದಗ: ನಮ್ಮಲ್ಲಿ ಹಾಕಿ ಮೈದಾನ ಇದೆ, ರಗ್ಬಿ ಕಂಬಗಳಿಲ್ಲ. ನೆಲ ಎರಿ ಮಣ್ಣು. ಅಂಕಣ ಹೇಗೆ ಮಾಡುವುದು?

ಮೊದಲ ವರ್ಷ ಕಂಬ ಬೇಡ. ಟ್ರೈಗೆ, ಅಂದರೆ ಎದುರಾಳಿಯ ಗೋಲ್ ಗೆರೆಯಲ್ಲಿ ಅಥವಾ ಅದರಾಚೆ ಚೆಂಡನ್ನು ನೆಲಕ್ಕೆ ಊರಿದ್ದಕ್ಕೆ, 5 ಅಂಕ, ನಂತರ ಕಂಬಗಳ ನಡುವೆ ಒದೆಯುವ ಒದೆತ ಇಲ್ಲ ಎಂದುಬಿಡಿ. ಹೊತ್ತೂ ಉಳಿಯುತ್ತದೆ. ಮುಂದೆ ಕಂಬ ನೆಡುವಾಗ ನಡುವಿನ ಅಂತರ 5.6 ಮೀಟರ್, ಅಡ್ಡಪಟ್ಟಿಯ ಎತ್ತರ 3 ಮೀಟರ್. ಹುಡುಗರು ಕಂಬಕ್ಕೆ ಬಡಿಯದಂತೆ ಆಳೆತ್ತರಕ್ಕೆ ದಪ್ಪ ಮೆತ್ತೆ ಸುತ್ತಲೇಬೇಕು.

ಏಳು ಜನರ ಪೂರ್ಣ ರಗ್ಬಿಗೆ ಹಿರಿಯರ ಅಂಕಣವೇ, ಅಂದರೆ ಸುಮಾರು 100 ಮೀಟರ್ ಉದ್ದ, 70 ಮೀಟರ್ ಅಗಲ. ಚಿಕ್ಕ ಹುಡುಗರ ಟ್ಯಾಗ್ ರಗ್ಬಿಗೆ (ಕೆಡವುವ ಬದಲು ಸೊಂಟದ ಪಟ್ಟಿ ಕೀಳುವ ಆಟ) ಅಷ್ಟು ಬೇಡ. 100ಕ್ಕೆ 64 ಮೀಟರಿನ ಫುಟ್ಬಾಲ್ ಮೈದಾನದಲ್ಲಿ ಅಡ್ಡವಾಗಿ ಎರಡು ಅಂಕಣ ಹಿಡಿಯುತ್ತವೆ: ಪ್ರತಿಯೊಂದೂ 40 ಮೀಟರ್ ಅಗಲ, 50 ಮೀಟರ್ ಉದ್ದ, ಎರಡೂ ತುದಿಗೆ ಟ್ರೈ ಇಡಲು 5 ಮೀಟರ್, ಎರಡು ಅಂಕಣಗಳ ನಡುವೆ 10 ಮೀಟರ್ ಖಾಲಿ. ಹಾಕಿ ಮೈದಾನ 55 ಮೀಟರ್ ಅಗಲ, 91 ಮೀಟರ್ ಉದ್ದ. ಹಾಗಾಗಿ ಅಂಕಣದ ಉದ್ದವನ್ನು 45ಕ್ಕೆ, ಅಗಲವನ್ನು 38ಕ್ಕೆ ಇಳಿಸಿ.

ಮೂಲೆ ನೇರ ಬರಲು ಗೌಂಡಿಗಳು ಪಾಯ ಹಾಕುವಾಗಿನ ಲೆಕ್ಕವೇ ಸಾಕು. ಒಂದು ಗೆರೆಯಲ್ಲಿ 6 ಮೀಟರ್, ಇನ್ನೊಂದರಲ್ಲಿ 8 ಮೀಟರ್ ಗುರುತು ಮಾಡಿ, ತುದಿಗಳ ನಡುವೆ ಸರಿಯಾಗಿ 10 ಬರುವ ತನಕ ಹಗ್ಗ ಸರಿಸಿ. ಕಣ್ಣಳತೆಯಲ್ಲಿ ಎಳೆದರೆ ಆ ತುದಿಗೆ ಹೋಗುವಷ್ಟರಲ್ಲಿ ಎರಡು ಮೀಟರ್ ಸೊಟ್ಟ ನಿಂತಿರುತ್ತದೆ.

ಗೆರೆಗೆ ಸುಣ್ಣದ ಪುಡಿ ಮಾತ್ರ ಬೇಡ. ಕಬಡ್ಡಿ, ಖೋಖೋದಲ್ಲಿ ರೂಢಿಯಿದೆ, ನಿಜ. ಆದರೆ ರಗ್ಬಿಯಲ್ಲಿ ಹುಡುಗ ಟ್ರೈ ಇಡಲು ಗೆರೆಯ ಮೇಲೇ ಮುಖ ಕೆಳಗಾಗಿ ಬೀಳುತ್ತಾನೆ. ಸುಣ್ಣ ಬೆವರಿಗೆ ತಾಗಿದರೆ ಚರ್ಮ ಉರಿಯುತ್ತದೆ, ಕಣ್ಣಿಗೆ ಬಿದ್ದರೆ ಆಸ್ಪತ್ರೆಯೇ ಗತಿ. ಕಲ್ಲಿನ ರಂಗೋಲಿ ಪುಡಿ ಹಾಕಿ. ಪುಡಿ ಕಡಿಮೆ ಬಿದ್ದರೆ ಗೋಲ್ ಗೆರೆಗಳನ್ನಷ್ಟೇ ಎಳೆದು ಉಳಿದ ಕಡೆ ಪ್ಲಾಸ್ಟಿಕ್ ಡಿಸ್ಕ್ ಇಡಿ.

ಎರಿ ನೆಲ ಜನವರಿಗೆ ಬಿರಿಯತೊಡಗುತ್ತದೆ. ಹೆಬ್ಬೆರಳು ಹೋಗುವಷ್ಟು ಬಿರುಕಿದ್ದರೆ ಅಲ್ಲಿ ಕಾಲು ಸಿಕ್ಕಿ ಪಾದ ಉಳುಕುವುದು ಖಂಡಿತ. ಮೂರು ದಿನ ಮೊದಲು ನೀರು ಬಿಟ್ಟು, ಬಿರುಕಿಗೆ ಪುಡಿ ಮಣ್ಣು ತುಂಬಿ, ಮಣ್ಣು ಕೈಗೆ ಅಂಟದಷ್ಟು ಆರಿದಾಗ ರೋಲರ್ ಎಳೆಯಿರಿ. ಹಸಿಯಿದ್ದಾಗ ಎಳೆದರೆ ರೋಲರಿಗೇ ಮಣ್ಣು ಮೆತ್ತಿಕೊಂಡು ಬರುತ್ತದೆ. ಮಸಾರಿ ನೆಲಕ್ಕೆ ಬಿರುಕಿನ ಕಾಟವಿಲ್ಲ, ಹರಳಿನ ಕಾಟ ಇದೆ. ಹಿಂದಿನ ಸಂಜೆ ಮೂವತ್ತು ಹುಡುಗರನ್ನು ಕೈಯಳತೆ ದೂರಕ್ಕೆ ಸಾಲಾಗಿ ನಿಲ್ಲಿಸಿ, ಕೈಗೊಂದು ಚೀಲ ಕೊಟ್ಟು ಈ ತುದಿಯಿಂದ ಆ ತುದಿಗೆ ನಡೆಸಿ. ಹರಳಿನ ಜೊತೆ ನೆಗ್ಗಿಲ ಮುಳ್ಳೂ ಸಿಗುತ್ತದೆ.

ಬರಿಗಾಲಿನವರು, ಸ್ಟಡ್ ಬೂಟಿನವರು ಒಂದೇ ಅಂಕಣದಲ್ಲಿ ಬೇಡ. ಎಲ್ಲರಿಗೂ ಕ್ಯಾನ್ವಾಸ್ ಬೂಟು ಎಂದು ಮೊದಲೇ ತಿಳಿಸಿ.

ಬ್ಯಾಡಗಿ: ನಮ್ಮ ಹುಡುಗರು ಕಬಡ್ಡಿಯಲ್ಲಿ ಜಿಲ್ಲಾ ಮಟ್ಟ ಆಡಿದವರು, ಇಬ್ಬರು ಗರಡಿಮನಿಗೂ ಹೋಗುತ್ತಾರೆ. ಟ್ಯಾಕಲ್ (ಚೆಂಡಿದ್ದವನನ್ನು ಹಿಡಿದು ಕೆಡವುವುದು) ಕಲಿಸುವುದೇ ಬೇಡವಲ್ಲ?

ಅವರಿಗೇ ಮೊದಲು ಕಲಿಸಬೇಕು! ಅವರಿಗೆ ಹೆದರಿಕೆಯಿಲ್ಲ, ಕಾಲು ಚುರುಕು. ಅದು ದೊಡ್ಡ ಆಸ್ತಿ. ಆದರೆ ಕೈ ಹಳೆಯ ಆಟದ್ದನ್ನೇ ಮಾಡುತ್ತದೆ.

ಕಬಡ್ಡಿಯಲ್ಲಿ ರೇಡರನನ್ನು ಹಿಡಿದವನು ಸೀಟಿ ಊದುವ ತನಕ ಬಿಡುವುದಿಲ್ಲ. ರಗ್ಬಿಯಲ್ಲಿ ಎದುರಾಳಿ ನೆಲಕ್ಕೆ ಬಿದ್ದ ಕ್ಷಣವೇ ಬಿಟ್ಟು ಪಕ್ಕಕ್ಕೆ ಉರುಳಬೇಕು, ಬಿದ್ದವನೂ ಚೆಂಡನ್ನು ಬಿಡಬೇಕು. ಕಬಡ್ಡಿ ಹುಡುಗರ ತಂಡ ಮೊದಲ ಪಂದ್ಯದಲ್ಲಿ ಪೆನಾಲ್ಟಿ ಮೇಲೆ ಪೆನಾಲ್ಟಿ ಕೊಡುವುದು ಇದೊಂದಕ್ಕೇ. ಅಭ್ಯಾಸದಲ್ಲಿ "ಹಿಡಿ, ಬೀಳು, ಬಿಡು, ಏಳು" ಎಂದು ಗಟ್ಟಿಯಾಗಿ ಹೇಳಿಸುತ್ತ ಆಡಿಸಿ.

ಇನ್ನು ಡ್ಯಾಶ್. ಕಬಡ್ಡಿಯಲ್ಲಿ ಮೈಯಿಂದ ಗುದ್ದಿ ಗೆರೆಯಾಚೆ ದಬ್ಬಿದರೆ ಚಪ್ಪಾಳೆ, ಇಲ್ಲಿ ಕೈ ಸುತ್ತದೆ ಭುಜ ಕೊಟ್ಟರೆ ಪೆನಾಲ್ಟಿ, ಜೋರಾಗಿದ್ದರೆ ಕಾರ್ಡು. ಕುಸ್ತಿ ಹುಡುಗರು ಕುತ್ತಿಗೆಗೆ ಕೈ ಹಾಕುತ್ತಾರೆ, ಎತ್ತಿ ಒಗೆಯುತ್ತಾರೆ. ಎರಡೂ ಅಪಾಯ, ಎರಡೂ ನಿಷಿದ್ಧ. ನಿಯಮದ ಪ್ರಕಾರ ಹಿಡಿತ ಭುಜದ ಗೆರೆಗಿಂತ ಕೆಳಗಿರಬೇಕು. ನಿಮ್ಮ ಟೂರ್ನಿಗೆ ಸೊಂಟದ ಕೆಳಗೆ ಎಂದೇ ಬರೆದುಕೊಳ್ಳಿ.

ಎಲ್ಲಕ್ಕಿಂತ ಮುಖ್ಯ, ತಲೆ ಎಲ್ಲಿರಬೇಕು ಎಂಬುದು. ಓಡುವವನ ಕಾಲಿನ ಮುಂದೆ ತಲೆ ಹೋದರೆ ಮೊಣಕಾಲು ನೇರ ಕಿವಿಗೆ ಬಡಿಯುತ್ತದೆ. ಕಣ್ಣು ತೆರೆದು, ಗದ್ದ ಎತ್ತಿ, ಕೆನ್ನೆ ಅವನ ಪಿರ್ರೆಯ ಹಿಂಬದಿಗೆ ತಾಗಬೇಕು. ಭುಜ ತೊಡೆಗೆ, ಎರಡೂ ಕೈ ಮೊಣಕಾಲಿನ ಹಿಂದೆ ಬಿಗಿ. ಮೊದಲ ವಾರ ಇಬ್ಬರೂ ಮಂಡಿಯೂರಿ, ಎರಡನೆಯ ವಾರ ಓಡುವವನು ನಡೆಯುತ್ತ, ಆಮೇಲೆ ನಿಧಾನದ ಓಟ. ವಾರಕ್ಕೆ ಎರಡು ಸಲದಂತೆ ಆರು ವಾರ ಮಾಡಿ. ಬಲ ಭುಜಕ್ಕೆ ಎಷ್ಟೋ ಎಡ ಭುಜಕ್ಕೂ ಅಷ್ಟೇ, ಇಲ್ಲವಾದರೆ ಪಂದ್ಯದಲ್ಲಿ ಎಡಕ್ಕೆ ಬಂದವನಿಗೆ ತಪ್ಪು ತಲೆ ಕೊಡುತ್ತಾನೆ. ಬೀಳುವುದನ್ನು ಕಲಿಸಲು ಗರಡಿಮನಿಯ ಕೆಂಪು ಮಣ್ಣಿಗಿಂತ ಒಳ್ಳೆಯ ಜಾಗ ಇಲ್ಲ. ಉಸ್ತಾದರನ್ನು ಕೇಳಿಕೊಳ್ಳಿ.

ಆರು ವಾರ ಸಿಗದಿದ್ದರೆ ಟ್ಯಾಕಲ್ ಬಿಟ್ಟು ಟ್ಯಾಗ್ ಆಡಿಸಿ. ಸೊಂಟದ ಎರಡೂ ಬದಿಗೆ ವೆಲ್ಕ್ರೋ ಪಟ್ಟಿ. ಒಂದು ಕಿತ್ತರೆ ಚೆಂಡಿದ್ದವನು ಮೂರು ಹೆಜ್ಜೆಯೊಳಗೆ ಪಾಸ್ ಕೊಡಬೇಕು. ಬಟ್ಟೆಯ ಚೂರನ್ನು ಚಡ್ಡಿಗೆ ಸಿಕ್ಕಿಸಿದರೆ ಕೆಲವರು ಒಳಗೆ ಗಂಟು ಹಾಕಿಕೊಳ್ಳುತ್ತಾರೆ, ಪ್ರತಿ ಪಂದ್ಯಕ್ಕೂ ಮುಂಚೆ ಎಳೆದು ನೋಡಿ. ಅಂಗಿ ಒಳಗಿರಲಿ.

ಹುಬ್ಬಳ್ಳಿಯ ತಾಯಿಯೊಬ್ಬರು: ಮಗನಿಗೆ ಆಡುವ ಆಸೆ. ತಲೆಗೆ ಪೆಟ್ಟು ಬಿದ್ದರೆ ಹೆಂಗ್ರಿ?

ನಿಮ್ಮ ಹೆದರಿಕೆ ಸರಿಯಾದದ್ದೇ ಅಮ್ಮಾ. ಟೂರ್ನಿ ನಡೆಸುವವರನ್ನು ಮೂರು ಮಾತು ಕೇಳಿ. ತಲೆಗೆ ಪೆಟ್ಟಾಗಿ ಮಂಕಾದ, ತಡವರಿಸಿದ, ವಾಂತಿ ಮಾಡಿದ, "ಈಗ ಯಾರ ಜೊತೆ ಆಡ್ತಿದ್ದೀ" ಎಂದರೆ ಉತ್ತರ ಹೇಳದ ಹುಡುಗನನ್ನು ಹೊರಗೆ ಕೂರಿಸುತ್ತೀರಾ? ಅವನು ಆ ದಿನ ಮತ್ತೆ ಇಳಿಯಕೂಡದು, ಫೈನಲ್ ಇದ್ದರೂ. ಕನಿಷ್ಠ 21 ದಿನ ಪಂದ್ಯವಿಲ್ಲ, ಮರಳಲು ವೈದ್ಯರ ಚೀಟಿ ಬೇಕು. ಎರಡನೆಯದು, ಕುತ್ತಿಗೆ ನೋವು ಎನ್ನುವವನನ್ನು ಎತ್ತದೆ, ಅಲುಗಾಡಿಸದೆ, ಆಟ ನಿಲ್ಲಿಸಿ 108ಕ್ಕೆ ಕರೆ ಮಾಡುವವರು ಯಾರೆಂದು ಗೊತ್ತು ಮಾಡಿದ್ದೀರಾ? ಮೂರನೆಯದು, ಆಂಬುಲೆನ್ಸ್ ಬರುವ ಗೇಟಿನ ಕೀಲಿ ಯಾರ ಹತ್ತಿರ ಇದೆ? ಹೆಚ್ಚಿನ ಕಡೆ ಎಡವುವುದು ಈ ಮೂರನೆಯದರಲ್ಲೇ. ಮೂರರಲ್ಲಿ ಒಂದಕ್ಕೆ ಉತ್ತರ ಸಿಗದಿದ್ದರೂ ಆ ಟೂರ್ನಿಗೆ ಕಳಿಸಬೇಡಿ.

ಧಾರವಾಡ: ಎಷ್ಟು ಚೆಂಡು, ಎಷ್ಟು ನೀರು?

14ರೊಳಗಿನವರಿಗೆ 4ನೇ ಅಳತೆಯ ಚೆಂಡು, ದೊಡ್ಡವರಿಗೆ 5. ಅಂಕಣಕ್ಕೆ ಎರಡು, ಅಭ್ಯಾಸಕ್ಕೆ ತಂಡಕ್ಕೊಂದು. ಗಾಳಿ ತೀರಾ ಬಿಗಿ ತುಂಬಿದರೆ ಕೈಗೆ ಸಿಗದೆ ಜಾರುತ್ತದೆ. ಎಂಟು ತಂಡದ 96 ಹುಡುಗರಿಗೆ ತಲೆಗೆ 2 ಲೀಟರಿನಂತೆ 20 ಲೀಟರಿನ 10 ಕ್ಯಾನ್. ಬಾಳೆಹಣ್ಣು, ಅವಲಕ್ಕಿ ಪಂದ್ಯಗಳ ನಡುವೆ. ಗಿರಮಿಟ್ಟು, ಮಿರ್ಚಿ ಎಲ್ಲ ಬಹುಮಾನ ಆದ ಮೇಲೆ.

ಹಾವೇರಿ: ಟೂರ್ನಿ ಮುಗಿದ ಮೇಲೆ ಎಲ್ಲರೂ ಮರೆತುಬಿಡುತ್ತಾರಲ್ಲ?

ಚೆಂಡುಗಳು ಬೀರುವಿಗೆ ಸೇರಿದರೆ ಮರೆಯುತ್ತಾರೆ. ಕಪ್ಪಿಗಿಟ್ಟ ದುಡ್ಡಿನಲ್ಲಿ ಅರ್ಧ ತೆಗೆದು ಪ್ರತಿ ಶಾಲೆಗೂ ಎರಡು ಚೆಂಡು ಕೊಟ್ಟು ಕಳಿಸಿ, ಸೋತವರಿಗೆ ಮೊದಲು. ಒಂದೇ ಬಸ್ ಮಾರ್ಗದ ನಾಲ್ಕು ಶಾಲೆಗಳನ್ನು ಗುಂಪು ಮಾಡಿ, ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಎರಡು ತಂಡ ಒಂದು ಕಡೆ ಕೂಡಲಿ. ಪರಸ್ಪರ ಆಡಲು ಆರು ಪಂದ್ಯ, ಅಂದರೆ ವಾರಕ್ಕೆ ಒಂದರಂತೆ ಆರು ಶನಿವಾರ. ಮುಂದಿನ ನವೆಂಬರ್ ನಡುವಿನಲ್ಲಿ ಶುರು ಮಾಡಿದರೆ ಎಸ್ಸೆಸ್ಸೆಲ್ಸಿ ಹುಡುಗರನ್ನು ಮನೆಯವರು ಓದಿಗೆ ಕೂರಿಸುವ ಮೊದಲೇ ಮುಗಿಯುತ್ತದೆ. ರೆಫರಿ ಕೆಲಸ ಒಂಬತ್ತನೆಯ ತರಗತಿಯ ಹುಡುಗರಿಗೇ ಕೊಡಿ, ಮಾಸ್ತರು ಗೆರೆಯ ಮೇಲೆ ನಿಲ್ಲಲಿ. ಸೀಟಿ ಕೈಗೆ ಬಂದ ಹುಡುಗ ಮುಂದಿನ ಶನಿವಾರ ತಪ್ಪಿಸುವುದಿಲ್ಲ.